ಬಳಪದ ಕಲ್ಲು, ನಕ್ಷತ್ರದ ಬೆಳಕು

ಅರಸೀಕೆರೆಯ ಈಶ್ವರ ದೇಗುಲದ ಮುಂಭಾಗದ ಮಂಟಪ ನಕ್ಷತ್ರಾಕಾರದ್ದು. ಬೇಲೂರು, ಹಳೇಬೀಡುಗಳ ಜಗತಿಗಳಲ್ಲೂ ಅದೇ ವಿನ್ಯಾಸವಿದೆ. ಹೊಯ್ಸಳ ಶಿಲ್ಪಕ್ಕೆ ನಕ್ಷತ್ರಲೋಕದೊಡನೆ ಇರುವ ನಂಟು ಆಕಾರಕ್ಕಷ್ಟೇ ಸೀಮಿತವಲ್ಲ. ಬಳಪದ ಕಲ್ಲಿನ ಮುಖ್ಯ ಘಟಕಗಳು ಮೆಗ್ನೀಸಿಯಂ, ಸಿಲಿಕಾನ್ ಮತ್ತು ಆಮ್ಲಜನಕ. ನಕ್ಷತ್ರಗಳ ನಡುವಣ ಅನಿಲದಲ್ಲಿ ಇರಬೇಕಾದಷ್ಟು ಕಾಣದಿರುವ ಧಾತುಗಳಲ್ಲಿ ಮೊದಲಿನೆರಡೂ ಸೇರಿವೆ. ಕಬ್ಬಿಣವಂತೂ ಇನ್ನೂ ವಿರಳ. ಅವು ಧೂಳಿನ ಕಣಗಳಲ್ಲಿ ಅಡಗಿವೆ.

ಇದನ್ನು ತಿಳಿಸಿದ್ದು ನೇರಳಾತೀತ ಬೆಳಕು. ನಕ್ಷತ್ರದ ಬೆಳಕು ಅನಿಲವನ್ನು ಹಾಯ್ದು ಬರುವಾಗ ಪ್ರತಿಯೊಂದು ಧಾತುವೂ ತನ್ನದೇ ತರಂಗಾಂತರಗಳನ್ನು ಹೀರಿಕೊಂಡು ರೋಹಿತದಲ್ಲಿ ಕಪ್ಪು ಗೆರೆಗಳನ್ನು ಉಳಿಸುತ್ತದೆ. ಗೆರೆಯ ಆಳ, ಅಗಲಗಳಿಂದ ಪರಮಾಣುಗಳ ಲೆಕ್ಕ ಸಿಗುತ್ತದೆ. ಅತಿ ವಿರಳವಾದ ಈ ಅನಿಲದಲ್ಲಿ ಪರಮಾಣುಗಳು ಬಹುಪಾಲು ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿರುವುದರಿಂದ ಮುಖ್ಯ ಗೆರೆಗಳು ನೇರಳಾತೀತದಲ್ಲೇ ಬೀಳುತ್ತವೆ, ಜಲಜನಕದ್ದು 121.6 ನ್ಯಾನೊಮೀಟರಿನಲ್ಲಿ. ನಮ್ಮ ವಾಯುಮಂಡಲ ಆ ಕಿರಣಗಳನ್ನು ನೆಲಕ್ಕೆ ಬಿಡದು. ಹಾಗಾಗಿ ಉಪಗ್ರಹವೇ ಬೇಕು. ಸೂರ್ಯನ ನೆರೆಯ ಅನಿಲದಲ್ಲಿ ಹತ್ತು ಲಕ್ಷ ಜಲಜನಕ ಪರಮಾಣುಗಳಿಗೆ ಸುಮಾರು 15 ಡ್ಯುಟೀರಿಯಂ ಇವೆಯೆಂಬ ಎಣಿಕೆ ದೊರೆತದ್ದು 1972ರ ಕೋಪರ್ನಿಕಸ್, 1990ರ ಹಬಲ್, 1999ರ ಫ್ಯೂಸ್‌ಗಳಿಂದ.

ಫ್ಯೂಸ್ 2007ರಲ್ಲಿ ಕಣ್ಣುಮುಚ್ಚಿತು. ಹಬಲ್‌ಗೆ ಮುಪ್ಪು ಬಂದಿದೆ. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಹೊಸಕೋಟೆಯಲ್ಲಿ ಜೋಡಿಸಿತು. ಅದರ ಬಲವಿರುವುದು ಚಿತ್ರಗಳಲ್ಲಿ. ಸೂಕ್ಷ್ಮ ರೋಹಿತ ಅದರ ಕೆಲಸವಲ್ಲ. 2018ರಲ್ಲಿ ಅದರ ಒಂದು ಸಂವೇದಕವೂ ನಿಂತಿತು. ಅದೇ ಸಂಸ್ಥೆ ಮುಂದಿಟ್ಟಿರುವ ಇನ್ಸಿಸ್ಟ್ ಯೋಜನೆಯಲ್ಲಿ ಒಂದು ಮೀಟರ್ ದರ್ಪಣವಿದೆ, ರೋಹಿತಮಾಪಕವೂ ಇದೆ. ಸಮೀಪದ ಅನಿಲದ ತೆಳುಗೆರೆಗಳನ್ನು ಬಿಡಿಸಲು ಅದಕ್ಕಿಂತ ಸೂಕ್ಷ್ಮವಾದ ಉಪಕರಣ ಬೇಕೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಆ ಮೆಟ್ಟಿಲನ್ನು ಹತ್ತದೆ ಮುಂದಿನದಕ್ಕೆ ಕಾಲಿಡಲಾಗದು.

ಅರಸೀಕೆರೆ ಸೀಮೆಯ ತೆಂಗು ನೀರಿಲ್ಲದೆ ಒಣಗುವಾಗ ಈ ಲೆಕ್ಕ ಯಾರಿಗೆ ಬೇಕು ಎನ್ನುವವರಿದ್ದಾರೆ. ಸಲ್ಲದ ಪ್ರಶ್ನೆಯೇನಲ್ಲ. ಆದರೆ ಆಯವ್ಯಯದ ಕಡತಗಳ ನಡುವೆ ವರ್ಷಗಳನ್ನು ಕಳೆದ ನಾನು ಬಲ್ಲಂತೆ, ಇಲ್ಲಿ ಉಳಿಸಿದ ಹಣ ತಾನಾಗಿ ಕೆರೆಗೆ ಹರಿಯುವುದಿಲ್ಲ. ವಿಳಂಬದಿಂದ ನಿಜವಾಗಿ ಕರಗುವುದು ಕೌಶಲ. ಧೂಳಿನ ಕಣವೊಂದೂ, ಎಣ್ಣೆಯ ಪಸೆಯೂ ಸೋಕದಂತೆ ನೇರಳಾತೀತ ದರ್ಪಣವನ್ನು ಕಾಪಾಡಬಲ್ಲ ಕೈಗಳು ನಮ್ಮಲ್ಲಿ ಬೆರಳೆಣಿಕೆಯವು. ಅವರು ನಿವೃತ್ತರಾದ ಮೇಲೆ ಮಂಜೂರಾತಿ ಬಂದರೆ ಕಲಿಸುವವರಾರು? ಒಪ್ಪಿಗೆಯೋ ನಿರಾಕರಣೆಯೋ, ಸರ್ಕಾರ ಕಾಲಮಿತಿಯೊಳಗೆ ತಿಳಿಸಲಿ.