ಕೆಟ್ಟರೆ ಕೆಡಲಿ, ಬೀಗ ತೆಗೆಯಿರಿ

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಇಂದು ನಿನ್ನೆಯಲ್ಲ. 1984ರಲ್ಲೇ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ಬಂದವು. 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುವಾಯಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. 6ರಿಂದ 12ನೇ ತರಗತಿಯ ಮಕ್ಕಳು ಸೆನ್ಸರ್, ಮೈಕ್ರೊಕಂಟ್ರೋಲರ್ ಹಿಡಿದು ಕಲಿಯಲಿ ಎಂಬುದು ಆಶಯ.

ಆಶಯವೇನೋ ಒಳ್ಳೆಯದೇ. ಆದರೆ ನಾನು ಓದಿದ ಸರ್ಕಾರಿ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಸದಾ ಬೀಗ. ನಮ್ಮ ಮೇಷ್ಟ್ರು ತರಬೇತಿ ಪಡೆದವರೇ. ಏನಾದರೂ ಕೆಟ್ಟರೆ ಸ್ಟಾಕ್ ರಿಜಿಸ್ಟರ್‌ಗೆ ತಾವೇ ಉತ್ತರ ಕೊಡಬೇಕಲ್ಲ ಎಂಬುದೇ ಅವರ ಭಯ.

ಸ್ಲೈಡ್ ನೋಡಿ, ಸಹಿ ಹಾಕಿ ಬರುವ ತರಬೇತಿಯಿಂದ ಈ ಭಯ ಹೋಗದು. ರೆಸಿಸ್ಟರ್ ಇಲ್ಲದೆ ಎಲ್‌ಇಡಿಯನ್ನು 9 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಕೆಲವೇ ರೂಪಾಯಿಯ ಆ ಎಲ್‌ಇಡಿಯನ್ನು ಶಿಕ್ಷಕರು ತರಬೇತಿಯಲ್ಲಿ ತಾವೇ ಒಮ್ಮೆ ಸುಟ್ಟು ನೋಡಲಿ. ಆಗ ಮಕ್ಕಳು ಸುಟ್ಟಾಗ ಗದರುವುದಿಲ್ಲ, ‘ಯಾಕೆ ಹೀಗಾಯ್ತು?’ ಎಂದು ಕೇಳುತ್ತಾರೆ. ಓಮ್‌ನ ನಿಯಮದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಆದ್ದರಿಂದ ತರಬೇತಿ ಅವರವರ ಶಾಲೆಯಲ್ಲೇ, ಅಲ್ಲಿರುವ ಉಪಕರಣಗಳಲ್ಲೇ ನಡೆಯಲಿ. ತಿಂಗಳ ನಂತರ ತರಬೇತುದಾರರು ಮತ್ತೊಮ್ಮೆ ಬಂದು, ಪಾಠ ಎಲ್ಲಿ ಸಿಕ್ಕಿಕೊಂಡಿದೆ ನೋಡಲಿ. ಬಳಕೆಯಲ್ಲಿ ಕೆಟ್ಟ ಬಿಡಿಭಾಗಗಳನ್ನು ಲೆಕ್ಕದಿಂದ ತೆಗೆಯುವ ಅಧಿಕಾರ ಮುಖ್ಯ ಶಿಕ್ಷಕರಿಗಿರಲಿ.

ಪಟ್ಟಣದಲ್ಲಿ ಅನುಕೂಲಸ್ಥರ ಮಕ್ಕಳು ದುಡ್ಡು ಕೊಟ್ಟು ರೊಬೊಟಿಕ್ಸ್ ಕ್ಲಾಸಿಗೆ ಹೋಗುತ್ತಾರೆ. ಹಳ್ಳಿಯ ಮಕ್ಕಳಿಗೆ ಸರ್ಕಾರಿ ಶಾಲೆಯೇ ಗತಿ. ಉಪಕರಣಗಳು ದೂಳು ತಿಂದು ಹಾಳಾಗುವುದಕ್ಕಿಂತ ಆ ಮಕ್ಕಳ ಕೈಯಲ್ಲಿ ಸವೆದು ಹೋಗುವುದೇ ಮೇಲು.