‘ಇಗೋ ಬಂದೆ’
ಇಂಗ್ಲಿಷಿನ ‘ಸೂನ್’ ಪದಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ‘ಕೂಡಲೇ’ ಎಂಬ ಅರ್ಥವಿತ್ತು. ‘ಅನಾನ್’, ‘ಪ್ರೆಸೆಂಟ್ಲಿ’ ಎಂಬ ಪದಗಳೂ ಮೊದಲು ಇದೇ ಅರ್ಥವನ್ನು ಹೊಂದಿದ್ದು, ಕಾಲಕ್ರಮದಲ್ಲಿ ‘ಸ್ವಲ್ಪ ಹೊತ್ತಿನಲ್ಲಿ’ ಎಂಬಲ್ಲಿಗೆ ಸಡಿಲಗೊಂಡವು. ಆಡುವವರ ವಿಳಂಬವೇ ಪದಗಳ ಅರ್ಥಕ್ಕೂ ಅಂಟಿಕೊಂಡಿತು. ಕನ್ನಡಿಗರಾದ ನಾವಾದರೋ ಇನ್ನೂ ಹೊರಡುವ ಮೊದಲೇ ‘ಇಗೋ ಬಂದೆ’ ಎಂದು ಭೂತಕಾಲದಲ್ಲಿ ನುಡಿಯುತ್ತೇವೆ.

ಯಲ್ಲಾಪುರದ ಮೂಲಕ ಸಾಗಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗಕ್ಕೆ 1997-98ರಲ್ಲಿ ಮಂಜೂರಾತಿ ದೊರೆಯಿತು. ‘ಶೀಘ್ರದಲ್ಲಿಯೇ’ ಎಂಬ ಮಾತನ್ನು ಕೇಳುತ್ತ ಒಂದು ತಲೆಮಾರೇ ಬೆಳೆದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಕ್ಕಳು ಇಂತಹ ಪದಗಳ ಅರ್ಥವನ್ನು ಹಿರಿಯರ ನಡತೆಯಿಂದಲೇ ಕಲಿಯುತ್ತಾರೆ. ಆದುದರಿಂದ ಉತ್ತರಪತ್ರಿಕೆಗಳನ್ನು ‘ಬೇಗ ಕೊಡುವೆ’ ಎನ್ನುವ ಬದಲು ಅಧ್ಯಾಪಕರು ‘ಸೋಮವಾರ ಕೊಡುವೆ’ ಎನ್ನಲಿ, ಅಂದೇ ಕೊಡಲಿ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ತಮ್ಮ ವಾಗ್ದಾನದೊಡನೆ ದಿನಾಂಕವನ್ನೂ ನಮೂದಿಸುವ ಕೃಪೆಮಾಡಲಿ.