ಬಾಚಣಿಗೆಯೂ ಅಣುವ್ರತವೇ

ಕರ್ಜಗಿಯ ಬೇಸಿಗೆಯಲ್ಲಿ ಪೊಮೆರೇನಿಯನ್ ನಾಯಿಯ ಮೈ ಬೋಳಿಸುವುದನ್ನು ದಯೆಯೆಂದು ಬಗೆಯುವ ಶ್ರಾವಕರಿದ್ದಾರೆ. ಅದು ದಯೆಯಲ್ಲ. ಆ ಎರಡು ಪದರದ ರೋಮ ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ರೋಮ ಮೊದಲಿನಂತೆ ಬೆಳೆಯದೆಯೂ ಹೋದೀತು. ಇನ್ನು ಕೆಲವರು, ಉಣ್ಣೆಹುಳು ಸತ್ತೀತೆಂದು ಬಾಚಣಿಗೆಯನ್ನೇ ಮುಟ್ಟರು. ಗಂಟುಕಟ್ಟಿದ ರೋಮದಡಿ ಹುಣ್ಣಾಗಿ, ಹುಳು ನೂರ್ಮಡಿಯಾದ ಮೇಲೆ ವಿಷದ ಪುಡಿ ತರುವವರೂ ಅವರೇ! ಪ್ರಮಾದದಿಂದ ಪ್ರಾಣಘಾತವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಹೇಳುತ್ತದೆ. ಬಾಚದಿರುವುದು ಪ್ರಮಾದವಲ್ಲದೆ ಮತ್ತೇನು? ದಿನವೂ, ಸ್ನಾನಕ್ಕೆ ಮೊದಲೇ, ಬೆರಳಿನಿಂದ ಸಿಕ್ಕು ಬಿಡಿಸಿ ಬಾಚಬೇಕು. ನೀರು ಬಿದ್ದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಸಿಕ್ಕ ಹುಳುವನ್ನು ಹಿಸುಕದೆ ಮನೆಯಿಂದ ದೂರ ಬಿಡಬೇಕು. ಇಷ್ಟಕ್ಕೆ ಪುರಸೊತ್ತಿಲ್ಲದವರು ಮಕ್ಕಳ ಹಟಕ್ಕೆ ಮಣಿದು ಇಂತಹ ನಾಯಿಯನ್ನು ಮನೆಗೆ ತರಕೂಡದು.